‘ಕಲ್’ ಅಂದರೆ ಯಾವತ್ತು

ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ನಾನು ಒಬ್ಬ ಮನುಷ್ಯನ ಕೈ ನೋಡಿ ಅವನ ಮುಂದಿನ ದಿನಗಳನ್ನು ತೀರ್ಮಾನಿಸಿಬಿಟ್ಟಿದ್ದೆ. ಜ್ಯೋತಿಷ್ಯ ನನಗೆ ಬರುತ್ತಿರಲಿಲ್ಲ. ಒಂದು ಲಾರಿಯ ಮಾಲೀಕನಾಗಿದ್ದೆ, ಅಷ್ಟೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ. ಬೆಳಗಾವಿಯಲ್ಲಿ ನಮ್ಮದು ಮನೆಗೆ ಹೊದಿಸುವ ಹಂಚಿನ ಅಂಗಡಿ. ಖಾನಾಪುರದ ಕಾರ್ಖಾನೆಗಳಲ್ಲಿ ಸುಟ್ಟ ಕೆಂಪು ಹಂಚನ್ನು ತಂದು ಮಾರುವುದು ಅಪ್ಪನ ಕಾಲದಿಂದ ನಡೆದುಬಂದಿತ್ತು. ಅದಕ್ಕೊಂದು ಸ್ವಂತ ಲಾರಿ, ಮುಂದೆ ಉದ್ದ ಮೂಗಿದ್ದ ಹಳೆಯ ಗಾಡಿ. ಅಪ್ಪ ಮಂಡಿನೋವೆಂದು ಶಿವಬಸವ ನಗರದ ಮನೆಯಲ್ಲಿ ಕೂತ ಮೇಲೆ ಅಂಗಡಿ, ಲಾರಿ, ಲಾರಿಯ ಡ್ರೈವರ್, ಮೂರೂ ಒಟ್ಟಿಗೆ ನನ್ನ ಕೈಗೆ ಬಂದವು. ಲಾರಿಯ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ, ಅದೇ ಕಷ್ಟ.

ಡ್ರೈವರ್ ಖಾನಾಪುರದ ಕಡೆಯವರು, ಐವತ್ತೈದರ ಆಸುಪಾಸು, ಮನೆಮಾತು ಮರಾಠಿ. ಅಪ್ಪನನ್ನು ಬಿಟ್ಟು ಉಳಿದವರೆಲ್ಲ ಅವರನ್ನು ಮಾಮಾ ಎನ್ನುತ್ತಿದ್ದೆವು. ನಮ್ಮ ಗೋದಾಮಿನ ಪಕ್ಕದ ಖೋಲಿಯಲ್ಲಿ ಇರುತ್ತಿದ್ದರು. ಲಾರಿ ನಿಂತ ದಿನ ಬಸ್ಸು ಹತ್ತಿ ಊರಿಗೆ ಹೋಗಿ ಹೆಂಡತಿಯ ಮುಖ ನೋಡಿ ಬರುತ್ತಿದ್ದರು. ನಾನು ಅವರ ಜೊತೆ ಯಾವಾಗಲೂ ಮರಾಠಿಯಲ್ಲೇ ಮಾತಾಡುತ್ತಿದ್ದೆ. ಅದನ್ನೊಂದು ದೊಡ್ಡ ಉಪಕಾರವೆಂದು ಬೇರೆ ತಿಳಿದುಕೊಂಡಿದ್ದೆ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಗ್ಯಾರೇಜಿನಲ್ಲಿ ದಖನಿ ಉರ್ದು. ನಮ್ಮೂರಲ್ಲಿ ಹುಟ್ಟಿದ ಯಾರಿಗಾದರೂ ಬರುವ ಈ ಮೂರು ಭಾಷೆ ನನಗೊಬ್ಬನಿಗೇ ಬರುವಂತೆ ಸಣ್ಣದೊಂದು ಜಂಬ ಇತ್ತು. ಆ ಜಂಬ ಇಳಿದ ದಿನದ ಕಥೆ ಇದು.

ಆ ವರ್ಷ ಬೇಸಿಗೆಯಲ್ಲಿ, ಮಳೆ ಹಿಡಿಯುವ ಮೊದಲು ಒಡೆದ ಹಂಚು ಬದಲಿಸಬೇಕೆಂದು ಜನ ಅಂಗಡಿಗೆ ಮುಗಿಬೀಳುವ ಹೊತ್ತಿಗೆ ಸರಿಯಾಗಿ, ಲಾರಿ ನಡುಗತೊಡಗಿತು. ವೇಗ ನಲವತ್ತು ದಾಟಿತೆಂದರೆ ಮುಂದಿನ ಚಕ್ರಗಳು ಆಚೆ ಈಚೆ ಹೊಯ್ದಾಡುತ್ತಿದ್ದವಂತೆ, ಸ್ಟೇರಿಂಗ್ ಕೈಯಲ್ಲಿ ಗಡಗಡ ಅನ್ನುತ್ತಿತ್ತಂತೆ. ‘ಅಂತೆ’ ಎಂದು ಹೇಳುತ್ತೇನೆ, ಯಾಕೆಂದರೆ ಹಾಗೆ ಹೇಳುತ್ತಿದ್ದವರು ಮಾಮಾ. ನನಗೆ ಕಂಡದ್ದು ಇಳಿಸಿದ ಹಂಚಿನಲ್ಲಿ ಒಡೆದ ಚೂರುಗಳು ಮಾತ್ರ. ಅದರ ಜೊತೆ ಇನ್ನೊಂದನ್ನೂ ನೋಡಿದ್ದೆ. ಕಾರ್ಖಾನೆಯ ಮುಂದಿನ ಚಹಾದಂಗಡಿಯಲ್ಲಿ ಮಾಮಾ ಬಶಿಗೆ ಸುರಿದುಕೊಂಡ ಚಹಾ ಅಂಚಿನಿಂದ ತುಳುಕಿ ಬೆರಳ ಮೇಲೆ ಬಿದ್ದಿತ್ತು. ಸರಿ, ಕಾರಣ ಸಿಕ್ಕಿತು. ಲಾರಿಗೆ ಏನೂ ಆಗಿಲ್ಲ, ನಡುಗುತ್ತಿರುವುದು ಈ ಮುದುಕನ ಕೈ.

ಹೀಗೆ ನಾನೇ ವಕೀಲ, ನಾನೇ ಜಡ್ಜ್ ಆಗಿ ತೀರ್ಪು ಬರೆದೆ. ಕಾಕತಿಯಲ್ಲಿ ಮೂವತ್ತರ ವಯಸ್ಸಿನ ಒಬ್ಬ ಡ್ರೈವರ್ ಇದ್ದ, ಆಳು ಗಟ್ಟಿಮುಟ್ಟು. ಬರುವ ತಿಂಗಳಿಂದ ನಮ್ಮ ಲಾರಿಗೆ ಬಾ ಎಂದು ಅವನಿಗೆ ಮಾತನ್ನೂ ಕೊಟ್ಟು ಬಂದೆ. ಮನೆಗೆ ಬಂದು ಅಪ್ಪನಿಗೆ ಹೇಳಿದಾಗ ಅವರು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದರು. ಹಳೆಯವನಿಗೆ ಹೇಳಿದೆಯಾ ಎಂದು ಕೇಳಿದರು. ಇನ್ನೂ ಇಲ್ಲ ಎಂದೆ. “ಹೇಳಾಕ ಧೈರ್ಯ ಬರೂತನಕಾ ಮಾಡಾಕ ಹೋಗಬ್ಯಾಡ,” ಎಂದು ಹೇಳಿ ಮತ್ತೆ ಎಣ್ಣೆಯ ಕಡೆ ತಿರುಗಿದರು.

ನಾನು ಹೇಳುವ ಅಗತ್ಯ ಬೀಳಲಿಲ್ಲ. ಲಾರಿ ಡ್ರೈವರುಗಳ ನಡುವೆ ಸುದ್ದಿ ಓಡುವ ಹಾಗೆ ತಂತಿಯಲ್ಲೂ ಓಡುವುದಿಲ್ಲ. ಎರಡೇ ದಿನದಲ್ಲಿ ಮಾಮಾ ಅಂಗಡಿಗೆ ಬಂದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು, ಕೂರಿ ಎಂದರೂ ಕೂರಲಿಲ್ಲ. ಮುಂದಿನ ಚಕ್ರದ ಕಿಂಗ್‌ಪಿನ್ನುಗಳು ಸವೆದಿವೆ, ನಾಲ್ಕು ತಿಂಗಳಿಂದ ಹೇಳುತ್ತಿದ್ದೇನೆ, ಅವನ್ನು ಒಂದು ಸಲ ಬದಲಿಸಿ ನೋಡಿ ಎಂದು ಮರಾಠಿಯಲ್ಲಿ ಸಣ್ಣ ದನಿಯಲ್ಲಿ ಕೇಳಿಕೊಂಡರು. ಬದಲಿಸಿದ ಮೇಲೂ ಗಾಡಿ ಸರಿಯಾಗದಿದ್ದರೆ ನೀವು ನನ್ನನ್ನು ತೆಗೆಯುವುದು ಬೇಡ, ಚಾವಿ ನಾನೇ ತಂದು ನಿಮ್ಮ ಕೈಗಿಡುತ್ತೇನೆ ಎಂದರು. ಆ ವಯಸ್ಸಿನಲ್ಲಿ ಅವರಿಗೆ ಇನ್ನೊಂದು ಲಾರಿ ಸಿಗುವುದಿಲ್ಲ ಎಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನಾನು ಹೂಂ ಎಂದೆ. ಅವರನ್ನು ನಂಬಿ ಹೂಂ ಅನ್ನಲಿಲ್ಲ. ಚಾವಿ ಕೇಳುವ ಕೆಲಸ ತಪ್ಪಿತಲ್ಲ ಎಂಬ ಸಮಾಧಾನಕ್ಕೆ ಅಂದೆ. ಇದನ್ನು ಇವತ್ತು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಕೋಟೆ ಕೆರೆಯ ಆಚೆ ನಮ್ಮ ಲಾರಿಯ ಮೆಕ್ಯಾನಿಕ್ ಉಸ್ತಾದರ ಗ್ಯಾರೇಜು. ಗ್ಯಾರೇಜು ಎಂದರೆ ಒಂದು ಬೇವಿನ ಮರ, ತಗಡಿನ ಒಂದು ಮಾಡು, ರಸ್ತೆಯ ಬದಿಗೆ ನಾಲ್ಕು ಲಾರಿ ನಿಲ್ಲುವಷ್ಟು ಎಣ್ಣೆ ಕುಡಿದ ನೆಲ. ಉಸ್ತಾದರು ಮಾಮಾನಿಗಿಂತ ಹತ್ತು ವರ್ಷ ಚಿಕ್ಕವರು, ಮನೆಯಲ್ಲಿ ದಖನಿ, ಗಿರಾಕಿ ಯಾರೋ ಅವರ ಭಾಷೆ ಗ್ಯಾರೇಜಿನಲ್ಲಿ. ಲಾರಿ ಬಂದ ಕೂಡಲೇ ಅವರು ನಟ್ಟು ಬಿಚ್ಚಲು ಪಾನಾ ಹಿಡಿಯಲಿಲ್ಲ. ಮುಂದಿನ ಆಕ್ಸಲ್ಲಿಗೆ ಜಾಕ್ ಕೊಟ್ಟು ಚಕ್ರ ನೆಲ ಬಿಡುವಷ್ಟು ಎತ್ತಿದರು. ಚಕ್ರದ ನೆತ್ತಿಗೊಂದು ಬುಡಕ್ಕೊಂದು ಕೈಯಿಟ್ಟು ಅಲುಗಾಡಿಸಿದರು. ಕಟಕಟ ಎಂದಿತು. ಆಮೇಲೆ ನನಗೆ, ಹತ್ತಿ ಕೂತು ಬ್ರೇಕ್ ಒತ್ತಿ ಹಿಡಿಯಿರಿ ಎಂದರು. ಯಾಕೆಂದು ಕೇಳಿದೆ. ಬ್ರೇಕ್ ಒತ್ತಿದಾಗ ಅಲುಗಾಟ ನಿಂತರೆ ದೋಷ ಚಕ್ರದ ಬೇರಿಂಗಿನದು, ಒತ್ತಿದ ಮೇಲೂ ಉಳಿದರೆ ಕಿಂಗ್‌ಪಿನ್ನಿನದು ಎಂದು ಹೇಳಿದರು. ಮೈಯ ಭಾರವನ್ನೆಲ್ಲ ಕಾಲಿಗೆ ಕೊಟ್ಟು ಒತ್ತಿದೆ. ಕಟಕಟ ನಿಲ್ಲಲಿಲ್ಲ. ನನ್ನ ಕಾಲಿನ ಕೆಳಗೇ ನನ್ನ ತೀರ್ಪು ಅಲುಗಾಡಿತು. ಮಾಮಾ ಬೀಡಿ ಹಚ್ಚಿಕೊಂಡು ಆಚೆ ನೋಡುತ್ತ ನಿಂತಿದ್ದರು.

ಕಿಂಗ್‌ಪಿನ್ನನ್ನು ನೋಡದವರಿಗಾಗಿ ಹೇಳುತ್ತೇನೆ. ಮುಂದಿನ ಆಕ್ಸಲ್ಲಿನ ಎರಡೂ ತುದಿಯಲ್ಲಿ ನೆಟ್ಟಗೆ ನಿಂತ, ಗೇಣುದ್ದದ ಉಕ್ಕಿನ ಗೂಟ ಅದು. ಬಾಗಿಲು ಬಿಜಾಗರಿಯ ಮೇಲೆ ತಿರುಗುವ ಹಾಗೆ ಚಕ್ರ ಅದರ ಮೇಲೆ ಎಡಕ್ಕೂ ಬಲಕ್ಕೂ ಹೊರಳುತ್ತದೆ. ಗೂಟದ ಮೇಲೊಂದು ಕೆಳಗೊಂದು ಹಿತ್ತಾಳೆಯ ಬಳೆ ಇರುತ್ತದೆ, ಅದಕ್ಕೆ ಬುಶ್ ಎನ್ನುತ್ತಾರೆ. ಬುಶ್ಶಿಗೂ ಪಿನ್ನಿಗೂ ನಡುವೆ ಸದಾ ಗ್ರೀಸ್ ಇರಬೇಕು. ಅದು ಒಣಗಿತೆಂದರೆ ಒಂದನ್ನೊಂದು ತಿನ್ನುತ್ತವೆ, ಬಿಗಿಯುತ್ತವೆ. ಇಡೀ ಲಾರಿ ಯಾವ ಕಡೆ ಹೋಗಬೇಕೆಂಬುದು ಕೊನೆಗೆ ಈ ಎರಡು ಗೂಟಗಳ ಮರ್ಜಿ.

ಕ್ಲೀನರ್ ಕೂರುವ ಎಡಗಡೆಯ ಪಿನ್ನು ಹೆಚ್ಚು ಹಟ ಮಾಡದೆ ಹೊರಬಂತು. ಬಂದದ್ದನ್ನು ಉಸ್ತಾದರು ನನ್ನ ಕೈಗಿಟ್ಟು ಬೆರಳಿಂದ ಸವರಿ ನೋಡಿ ಎಂದರು. ದುಂಡಗಿರಬೇಕಾದ ಉಕ್ಕು ಒಂದು ಮಗ್ಗುಲಲ್ಲಿ ಸವೆದು ಮೆಟ್ಟಿಲು ಬಿದ್ದಿತ್ತು. ಡ್ರೈವರ್ ಕಡೆಯದು ಮಾತ್ರ ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಮಡ್‌ಗಾರ್ಡ್ ಬಿಚ್ಚಿಟ್ಟರು, ಸೀಮೆಎಣ್ಣೆ ಸುರಿದು ಊಟ ಮಾಡಿಕೊಂಡು ಬಂದರು, ಬಂದು ಹೊಡೆದರು, ಊಂಹೂಂ. ಕೊನೆಗೆ ಉಸ್ತಾದರು ದೊಡ್ಡ ಸುತ್ತಿಗೆ ತೆಗೆದರು. ಪಿನ್ನಿನ ನೆತ್ತಿಯ ಮೇಲೆ ಉಕ್ಕಿನದೊಂದು ದಪ್ಪ ತುಂಡನ್ನು ಇಟ್ಟು ಯಾರಾದರೂ ಹಿಡಿದುಕೊಳ್ಳಬೇಕು, ಅದರ ಮೇಲೆ ಸುತ್ತಿಗೆ ಬೀಳಬೇಕು. ಹಿಡಿದವನ ಕೈ ಅಕ್ಕಿಕಾಳಿನಷ್ಟು ಸರಿದರೂ ಸುತ್ತಿಗೆ ಬೆರಳಿನ ಮೇಲೆ. ಉಸ್ತಾದರು ಸುತ್ತ ನೋಡಿದರು. ನಾನು ಯಾವುದೋ ನಟ್ಟು ಹುಡುಕುವವನಂತೆ ನೆಲ ನೋಡಿದೆ. ಮಾಮಾ ಬೀಡಿ ಎಸೆದು ಬಂದು ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಲ್ಲಿ ಆ ತುಂಡನ್ನು ಹಿಡಿದರು.

ಹದಿನೈದೋ ಇಪ್ಪತ್ತೋ ಏಟು ಬಿದ್ದಿರಬೇಕು. ನಾನು ಆ ಕೈಗಳನ್ನೇ ನೋಡುತ್ತಿದ್ದೆ. ಅವು ನೆಟ್ಟ ಕಂಬದ ಹಾಗೆ ನಿಂತಿದ್ದವು. ಪ್ರತಿ ಏಟಿಗೂ ಕಣ್ಣು ಮುಚ್ಚುತ್ತಿದ್ದವನು ನಾನು, ಮಾಮಾ ಒಂದು ಸಲವೂ ಮುಚ್ಚಲಿಲ್ಲ. ಕೊನೆಯ ಏಟಿಗೆ ಪಿನ್ನು ತುಕ್ಕಿನ ಪುಡಿ ಉದುರಿಸಿಕೊಂಡು ಕೆಳಗೆ ಜಾರಿತು. ಉಸ್ತಾದರು ಬೆವರು ಒರೆಸಿಕೊಂಡು, ಮಾಮಾನ ಹೆಗಲು ತಟ್ಟಿದರು. ನಾನು ಚಹಾ ತರಿಸಿದೆ. ಬೇರೇನು ಮಾಡಬೇಕೆಂದು ತಿಳಿಯಲಿಲ್ಲ.

ಸಂಜೆಯ ಮುಂಚೆ ಮಾಮಾ ಊರಿಗೆ ಹೊರಟರು. ಇನ್ನು ಇಲ್ಲಿ ನನ್ನ ಕೆಲಸವಿಲ್ಲ, ನಾಳೆ ಮೊದಲ ಬಸ್ಸಿಗೆ ಬಂದು ಗಾಡಿ ಎತ್ತುತ್ತೇನೆ ಎಂದರು. ನಾನು ಉಳಿದೆ. ಆ ಹೊತ್ತಿಗೆ ನನಗೂ ಕೆಲಸದ ರುಚಿ ಹತ್ತಿತ್ತು. ಹೊಸ ಬುಶ್ಶುಗಳನ್ನು ಕೂರಿಸಿ, ಒಳಗನ್ನು ರೀಮರಿನಿಂದ ಉಸ್ತಾದರು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಕೆರೆದರು. ಎರಡು ಸುತ್ತು ಕೆರೆಯುವುದು, ಬಟ್ಟೆಯಿಂದ ಒರೆಸುವುದು, ಹೊಸ ಪಿನ್ನು ಇಳಿಸಿ ನೋಡುವುದು, ಮತ್ತೆ ತೆಗೆದು ಎರಡು ಸುತ್ತು. ಅವರ ಲೆಕ್ಕ ಹೀಗಿತ್ತು: ಅಂಗೈಯಿಂದ ಒತ್ತಿದರೆ ಪಿನ್ನು ಇಳಿಯಬೇಕು, ಕೈ ಬಿಟ್ಟರೆ ತಾನಾಗಿ ಬೀಳಬಾರದು. ಅವಸರದಲ್ಲಿ ಜಾಸ್ತಿ ಕೆರೆದರೆ ಹೊಸ ಪಿನ್ನೂ ಹಳೆಯದರ ಹಾಗೆ ಕಟಕಟ ಅನ್ನುತ್ತದೆ. ನನ್ನಂಥ ಅವಸರದವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರು ಅಷ್ಟು ನಿಧಾನವಾಗಿ ಕೆಲಸ ಮಾಡಿದ್ದಕ್ಕೆ ಇವತ್ತಿಗೂ ಕೈ ಮುಗಿಯುತ್ತೇನೆ. ತಾಳ್ಮೆಯನ್ನು ನಾನು ಕಣ್ಣಾರೆ ನೋಡಿದ್ದು ಅಲ್ಲಿಯೇ.

ಎಲ್ಲ ಜೋಡಿಸಿ ಚಕ್ರ ಏರಿಸುವ ಹೊತ್ತಿಗೆ ಪಕ್ಕದ ಅಂಗಡಿಗಳ ಬಾಗಿಲು ಬೀಳತೊಡಗಿದ್ದವು. ಜೋಡಿಸುವಾಗ ಪಿನ್ನಿಗೆ ತುಸು ಎಣ್ಣೆ ಸವರಿದ್ದರು. ಗ್ರೀಸ್ ತುಂಬಬೇಕು ಎನ್ನುವಾಗ ಗ್ರೀಸ್ ಗನ್ನಿನ ವಾಶರ್ ಹರಿದುಹೋಯಿತು. ಬೆಳಿಗ್ಗೆ ಹೊಸ ವಾಶರ್ ತಂದು ಹಾಕಿ ಗ್ರೀಸ್ ಕೊಡುತ್ತೇನೆ, ಅದಿಲ್ಲದೆ ಗಾಡಿ ಹೊರಡಿಸಬೇಡಿ ಎಂದರು. ನಾನು ಸ್ಕೂಟರ್ ಶುರು ಮಾಡಿದ ಮೇಲೂ ಹಿಂದಿನಿಂದ ಕೂಗಿ ನೆನಪಿಸಿದರು: “ಗ್ರೀಸ್ ಕಲ್, ಸಾವಕಾರ್. ಗ್ರೀಸ್ ಕಲ್.” ನಾನು ಕೈಯೆತ್ತಿ ಆಯಿತೆಂದು ತೋರಿಸಿದೆ. ಲಾರಿ ರಸ್ತೆ ಬದಿಗೆ ನಿಂತಿತ್ತು, ಚಾವಿ ನನ್ನ ಕಿಸೆಯಲ್ಲಿತ್ತು.

ಮರುದಿನ ಬೆಳಿಗ್ಗೆ ನಾನು ಕಿಟಕಿಗೆ ಕನ್ನಡಿ ಒರಗಿಸಿ ದಾಡಿ ಮಾಡಿಕೊಳ್ಳುತ್ತಿದ್ದೆ. ಮಾಮಾ ಗೇಟಿನ ಹತ್ತಿರ ಬಂದು ಚಾವಿ ಕೇಳಿದರು. ಉಸ್ತಾದ್ ಏನಂದರು ಎಂದು ಮರಾಠಿಯಲ್ಲಿ ವಿಚಾರಿಸಿದರು. ಬ್ಲೇಡು ಮೂಗಿನ ಕೆಳಗೆ ಬಂದಿತ್ತು. ತುಟಿ ಓರೆ ಮಾಡಿಕೊಂಡೇ, ಕನ್ನಡಿಯಿಂದ ಕಣ್ಣು ತೆಗೆಯದೆ, ಎಲ್ಲ ಆಗಿದೆ ಎಂದೆ. ಜೊತೆಗೆ ಉಸ್ತಾದರ ಮಾತನ್ನು ಇದ್ದದ್ದು ಇದ್ದಹಾಗೆ ಒಪ್ಪಿಸಿ, ಕೊನೆಗೆ ಮರಾಠಿಯಲ್ಲಿ ‘ಅಂದರು’ ಎಂದು ಸೇರಿಸಿದೆ: “ಗ್ರೀಸ್ ಕಲ್, ಮ್ಹಣಾಲಾ.” ಚಾವಿ ಗೂಟದಲ್ಲಿ ತೂಗುಹಾಕಿದೆ, ತೆಗೆದುಕೊಳ್ಳಿ ಎಂದು ಗದ್ದ ತೋರಿಸಿದೆ. ಮಾಮಾ ಖುಷಿಯಿಂದ ಹೋದರು. ಖುಷಿಗೆ ಕಾರಣ ಏನೆಂದು ಕೇಳುವಷ್ಟು ವ್ಯವಧಾನ ನನಗಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಖಾನಾಪುರದಿಂದ ಬಂದ ಬಸ್ಸಿನ ಕಂಡಕ್ಟರ್ ಅಂಗಡಿಗೆ ಬಂದು ಒಂದು ಚೀಟಿ ಕೊಟ್ಟ. ಮಾಮಾನ ಅಕ್ಷರ. ಹಂಚು ತುಂಬಿಕೊಂಡು ಖಾನಾಪುರ ಬಿಟ್ಟು ಮೂರು ನಾಲ್ಕು ಕಿಲೋಮೀಟರ್ ಬಂದ ಮೇಲೆ ಸ್ಟೇರಿಂಗ್ ಬಿಗಿಯಾಗಿದೆ, ತಿರುವಿನಲ್ಲಿ ತಿರುಗಿಸಿದ್ದು ತಾನಾಗಿ ನೆಟ್ಟಗಾಗುತ್ತಿಲ್ಲ, ಮುಂದೆ ತರುವ ಹಾಗಿಲ್ಲ, ಹುಣಸೆಮರದ ಕೆಳಗೆ ನಿಲ್ಲಿಸಿದ್ದೇನೆ ಎಂದು ಬರೆದಿದ್ದರು. ನನಗೆ ಮೈಯೆಲ್ಲ ಉರಿಯಿತು. ಪಿನ್ನು ಬದಲಿಸಿದ್ದಾಯಿತು, ಇನ್ನು ಇದೇನು ಹೊಸ ನೆಪ? ಕೈಲಾಗದವನಿಗೆ ನಿನ್ನೆ ಗಾಡಿ ನಡುಗುತ್ತದೆ, ಇವತ್ತು ಬಿಗಿಯುತ್ತದೆ ಎಂದು ಅಂಗಡಿಯ ಆಳಿನ ಮುಂದೆ ಹಾರಾಡಿದೆ. ಕಾಕತಿಯ ಡ್ರೈವರನ್ನು ಕರೆದುಕೊಂಡು ಹೋಗಿ ಲಾರಿ ತರಿಸುವುದೇ ಸರಿ ಎಂದು ಸ್ಕೂಟರ್ ಹತ್ತಿದೆ. ಗ್ಯಾರೇಜು ಹೇಗೂ ಆ ದಾರಿಯಲ್ಲೇ, ಉಸ್ತಾದರಿಗೂ ನಾಲ್ಕು ಮಾತು ಅಂದು ಹೋಗೋಣ ಎಂದುಕೊಂಡೆ.

ಉಸ್ತಾದರು ಬೇವಿನ ಮರದ ಕೆಳಗೆ ಡಬ್ಬಿಯ ಮೇಲೆ ಕೂತಿದ್ದರು. ತೊಡೆಯ ಮೇಲೆ ಹೊಸ ವಾಶರ್ ಹಾಕಿದ ಗ್ರೀಸ್ ಗನ್ನು. ನಾನು ಬಾಯಿ ತೆಗೆಯುವ ಮೊದಲೇ ಅವರೇ ಕೇಳಿದರು.

“ಗಾಡಿ ಎಲ್ಲೈತ್ರಿ ಸಾವಕಾರ್ರ? ಮುಂಜಾನಿಂದ ಗ್ರೀಸ್ ತುಂಬಕೊಂಡು ಕಾಯಾಕತ್ತೀನಿ.”

ಬೈಗುಳ ಬಾಯಲ್ಲೇ ಒಣಗಿತು. ದಾಡಿ ಮಾಡಿಕೊಳ್ಳುತ್ತ ಆಡಿದ ಆ ಎರಡು ಶಬ್ದಗಳು ಈಗ ಕಿವಿಗೆ ಬಿದ್ದವು. ದಖನಿಯ ‘ಕಲ್’ ನಿನ್ನೆಯೂ ಹೌದು, ನಾಳೆಯೂ ಹೌದು, ಸಂದರ್ಭ ನೋಡಿ ತಿಳಿಯಬೇಕು. ಮರಾಠಿಯ ‘ಕಾಲ್’ ಹಾಗಲ್ಲ, ಅದು ನಿನ್ನೆ ಮಾತ್ರ. ಉಸ್ತಾದರು ಅಂದದ್ದು ನಾಳೆ ಎಂದು. ಅದನ್ನೇ ನಾನು ಮಾರನೆಯ ದಿನ, ತುಟಿ ಓರೆ ಮಾಡಿಕೊಂಡು, ಎಳೆದು, ಅದೂ ಮರಾಠಿ ಮಾತಿನ ನಡುವೆ ಸೇರಿಸಿ ಹೇಳಿದ್ದೆ. ಮಾಮಾನ ಕಿವಿಗೆ ಅದು ‘ಗ್ರೀಸ್ ನಿನ್ನೆ ಆಯಿತು’ ಎಂದು ಬಿತ್ತು. ಆಗಬೇಕಾಗಿದ್ದದ್ದು ಇವತ್ತು. ಆ ಒಂದು ಶಬ್ದವನ್ನು ನಾನು ಮೂರೂ ಭಾಷೆಯಲ್ಲಿ ಹೇಳಬಲ್ಲವನಾಗಿದ್ದೆ, ಒಂದರಲ್ಲೂ ಹೇಳಿರಲಿಲ್ಲ.

ಆದದ್ದನ್ನು ಉಸ್ತಾದರಿಗೆ ಹೇಳಿದೆ. ಕಾಕತಿಯ ಕಡೆ ಸ್ಕೂಟರ್ ತಿರುಗಲಿಲ್ಲ. ಉಸ್ತಾದರು ಗ್ರೀಸ್ ಗನ್ನನ್ನು ಹಳೆಯ ಪೇಪರಿನಲ್ಲಿ ಸುತ್ತಿ ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತರು. ಪೀರನವಾಡಿ ದಾಟಿದೆವು. ನಾನು ಮಾಮಾನಿಗೆ ಏನು ಹೇಳುವುದೆಂದು ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಿದ್ದೆ. ‘ಗ್ರೀಸ್ ಉಳಿದುಬಿಟ್ಟಿತ್ತು’ ಎಂದರೆ ಹೇಗೆ? ಉಳಿದದ್ದು ತಾನಾಗಿ ಉಳಿದಂತೆ, ಯಾರ ಮೈಮೇಲೂ ಬರುವುದಿಲ್ಲ. ಮಚ್ಛೆ ಬಂದಾಗ ಉಸ್ತಾದರು ನನ್ನ ಮನಸ್ಸು ಓದಿದವರ ಹಾಗೆ ಕಿವಿಯ ಹತ್ತಿರ ಬಾಗಿದರು.

“ನಾನ ಮರತೆ ಅಂತ ಹೇಳ್ತೀನ್ರಿ. ನಂದೇನೂ ಹೋಗೂದಿಲ್ಲ. ಪಾಪ, ಅಂವಂದು ಸೀಟ್ ಹೋಗತೈತಿ.”

ಬೇಡ ಎನ್ನಬೇಕಾಗಿತ್ತು, ನಾನು ಅನ್ನಲಿಲ್ಲ. ದೇಸೂರು ಬರುವವರೆಗೂ ಸುಮ್ಮನಿದ್ದೆ. ಸುಮ್ಮನಿದ್ದದ್ದು ಅಷ್ಟೇ ಅಲ್ಲ, ಒಳಗೊಳಗೆ ಹಗುರವೂ ಆಗಿತ್ತು. ಮನುಷ್ಯ ಎಷ್ಟು ಬೇಗ ಸಣ್ಣವನಾಗುತ್ತಾನೆ ಎಂಬುದಕ್ಕೆ ನನಗೆ ಬೇರೆಯವರ ಉದಾಹರಣೆ ಬೇಕಿಲ್ಲ.

ಹುಣಸೆಮರದ ನೆರಳಲ್ಲಿ ಲಾರಿ ನಿಂತಿತ್ತು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದೆ ಒಂದು ಕಡೆ ಜಾಕ್ ಏರಿಸಿ, ಮಾಮಾ ಪಕ್ಕದಲ್ಲಿ ಟವೆಲ್ ಹಾಸಿಕೊಂಡು ಕೂತಿದ್ದರು. ನಮ್ಮನ್ನು ಕಂಡು ಎದ್ದರು. ಅವರ ಕೈಯಲ್ಲಿ ಚಾವಿ ಇತ್ತು. ಸ್ಕೂಟರ್ ಸ್ಟ್ಯಾಂಡಿಗೆ ಹಾಕುವಷ್ಟೂ ಪುರುಸೊತ್ತು ಕೊಡದೆ ಅದನ್ನು ನನ್ನ ಮುಂದೆ ಹಿಡಿದರು.

ಗಾಡಿ ಎತ್ತುವ ಮೊದಲು ಚಕ್ರದ ಹತ್ತಿರ ಬಗ್ಗಿ ಗ್ರೀಸ್ ಇದೆಯೋ ಇಲ್ಲವೋ ನೋಡುವುದು ಡ್ರೈವರನ ಕೆಲಸ ಎಂದರು. ಇಷ್ಟು ವರ್ಷ ಒಂದು ದಿನವೂ ನೋಡದೆ ಗಾಡಿ ಎತ್ತಿಲ್ಲ. ಇವತ್ತು ಗಾಡಿ ಸರಿಯಾಯಿತೆಂಬ ಖುಷಿಯಲ್ಲಿ ನೋಡದೆ ಎತ್ತಿದೆ. ಇಲ್ಲಿ ನಿಲ್ಲಿಸಿ ನೋಡಿದರೆ ಗ್ರೀಸ್ ತುಂಬುವ ನಿಪ್ಪಲ್ಲಿನ ಬಾಯಲ್ಲಿ ಅದರ ಗುರುತೇ ಇಲ್ಲ. ತಪ್ಪು ನನ್ನದು. ಗಾಡಿ ಸರಿಯಾಗದಿದ್ದರೆ ಚಾವಿ ಕೊಡುತ್ತೇನೆ ಎಂದಿದ್ದೆನಲ್ಲ, ತೆಗೆದುಕೊಳ್ಳಿ ಮಾಲಕ್ ಎಂದರು. ಇಷ್ಟನ್ನೂ ಮರಾಠಿಯಲ್ಲಿ, ದನಿ ಏರಿಸದೆ ಹೇಳಿದರು. ಅಷ್ಟರಲ್ಲಿ ಉಸ್ತಾದರು ನಡುವೆ ಬಂದು, ಇಲ್ಲ ಇಲ್ಲ, ಮರೆತವನು ನಾನು ಎಂದು ಶುರು ಮಾಡಿದರು. ನನ್ನ ಒಂದು ತಪ್ಪಿಗೆ ಇಬ್ಬರು ಗಿರಾಕಿಗಳು. ಮಾಲು ಯಾರದೋ ಅವನು ಮಾತ್ರ ಬಾಯಿ ಮುಚ್ಚಿಕೊಂಡು ನಿಂತಿದ್ದ.

ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲಲು ನನ್ನಿಂದಾಗಲಿಲ್ಲ. ಉಸ್ತಾದ್ ನಾಳೆ ಎಂದಿದ್ದರು, ಅದನ್ನು ನಾನು ಕಲ್ ಎಂದೆ, ನೀವು ಕಾಲ್ ಎಂದು ತಿಳಿದಿರಿ, ಇಬ್ಬರದೂ ಏನೂ ತಪ್ಪಿಲ್ಲ, ತಪ್ಪು ನನ್ನದು ಎಂದು ಮರಾಠಿಯಲ್ಲಿ ತೊದಲಿದೆ. ಅವಸರದಲ್ಲಿ ವ್ಯಾಕರಣವೆಲ್ಲ ಕಲಸಿಹೋಯಿತು. ಆಗ ಮಾಮಾನ ಬಾಯಿಂದ ನಾನೆಂದೂ ಕೇಳಿರದ ಕನ್ನಡ ಬಂತು.

“ಸಾವಕಾರ್ರ, ನಂಗ ಕನ್ನಡ ಬರ್ತೈತ್ರಿ. ನಂದಗಡದ ಅಳಿಯ ನಾ, ಹೆಣ್ತಿ ತವರಮನ್ಯಾಗ ಕನ್ನಡನ. ನಿಮ್ಮ ಅಪ್ಪಾರ ಕೂಡ ಕನ್ನಡದಾಗ ಮಾತಾಡ್ತೀನಿ. ಇವತ್ತ ಗ್ರೀಸ್ ಹಾಕಸು ಅಂದಿದ್ರ ಸಾಕಾಗ್ತಿತ್ತು.”

ಉಸ್ತಾದರಿಗೆ ನಗು ತಡೆಯಲಾಗಲಿಲ್ಲ. ಅವರು ನಕ್ಕದ್ದು ನೋಡಿ ಮಾಮಾನಿಗೂ ನಗು ಬಂತು. ನಾನು ಉಪಕಾರವೆಂದು ಇಷ್ಟು ದಿನ ಆಡಿದ ಮರಾಠಿಯನ್ನು ಅವರು ಸಹಿಸಿಕೊಂಡಿದ್ದರು ಎಂಬುದು ಆಗ ಹೊಳೆಯಿತು. ಚಾವಿಯನ್ನು ಅವರ ಅಂಗಿಯ ಕಿಸೆಗೆ ನಾನೇ ಹಾಕಿದೆ.

ಉಸ್ತಾದರು ಚಕ್ರದ ಪಕ್ಕ ಕೂತು ಗನ್ನು ಒತ್ತತೊಡಗಿದರು. ಚಕ್ರ ನೆಲ ಬಿಟ್ಟಿದ್ದರೇ ಗ್ರೀಸ್ ಸಂದಿಗೆ ಸರಿಯಾಗಿ ಇಳಿಯುವುದು. ಮಾಮಾ ಮೇಲೆ ಕೂತು ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನಕ್ಕೆ ತಿರುಗಿಸುತ್ತಿದ್ದರು. ಮೊದಮೊದಲು ಮುಲುಗಿತು. ಆಮೇಲೆ ಬುಶ್ಶಿನ ಅಂಚಿನಿಂದ ಹೊಸ ಗ್ರೀಸು ಹಳದಿಯಾಗಿ ಇಣುಕಿತು, ಚಕ್ರ ಹಗುರಾಗಿ ಹೊರಳಿತು. ಉಸ್ತಾದರು ಕಿವಿಗೊಟ್ಟು ಕೇಳಿ, ಉಕ್ಕಿಗೆ ಗಾಯ ಆಗಿಲ್ಲ, ಇನ್ನು ಐದಾರು ಕಿಲೋಮೀಟರ್ ತಂದಿದ್ದರೆ ಪಿನ್ನು ಹಿಡಿದುಕೊಂಡುಬಿಡುತ್ತಿತ್ತು ಎಂದರು. ಅದೂ ತಿರುವಿನಲ್ಲಿ ಹಿಡಿದುಕೊಂಡಿದ್ದರೆ ತುಂಬಿದ ಲಾರಿ ನೇರ ರಸ್ತೆಯಾಚೆಗೆ ಹೋಗುತ್ತಿತ್ತು. ಆ ದಿನ ವೇಳೆಗೆ ಸರಿಯಾಗಿ ಬೆಳಗಾವಿ ಮುಟ್ಟಿದ್ದರೆ ಮಾಮಾನ ಸೀಟು ಉಳಿಯುತ್ತಿತ್ತು. ಅದು ಗೊತ್ತಿದ್ದೂ ಅವರು ಗಾಡಿ ನಿಲ್ಲಿಸಿದ್ದರು.

ಉಸ್ತಾದರು ನನ್ನ ಸ್ಕೂಟರ್ ತೆಗೆದುಕೊಂಡು ಮುಂದೆ ಹೋದರು. ನಾನು ಲಾರಿಯಲ್ಲಿ ಮಾಮಾನ ಪಕ್ಕ ಕೂತೆ. ತುಂಬಿದ ಲಾರಿ ನಿಧಾನಕ್ಕೆ ವೇಗ ಹಿಡಿಯಿತು. ಮೂವತ್ತೈದು, ನಲವತ್ತು. ಇಬ್ಬರೂ ಸ್ಟೇರಿಂಗನ್ನೇ ನೋಡುತ್ತಿದ್ದೆವು. ನಲವತ್ತೈದು. ಸ್ಟೇರಿಂಗ್ ಮಲಗಿದ ಮಗುವಿನ ಹಾಗೆ ಅಲುಗದೆ ಇತ್ತು. ದೇಸೂರಿನ ನೇರ ರಸ್ತೆಯಲ್ಲಿ ಐವತ್ತು ಮುಟ್ಟಿತು, ಹಿಂದೆ ಹಂಚಿನ ಸದ್ದೂ ಇರಲಿಲ್ಲ. ನಿಮ್ಮ ಮಾತೇ ಖರೆ ಆಯಿತು, ನಡುಗುತ್ತಿದ್ದದ್ದು ಗಾಡಿಯೇ ಎಂದು ನಾನು ಹೇಳಿದೆ. ಹೇಳಿ ನಿರಾಳವಾದೆ. ನನ್ನ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿದಿತ್ತು.

ಮಚ್ಛೆ ಹತ್ತಿರ ಬಂದಾಗ ಮಾಮಾ ವೇಗ ಇಳಿಸಿದರು. ಬಲಗೈಯಲ್ಲಿ ಸ್ಟೇರಿಂಗ್ ಹಿಡಿದು, ಎಡಗೈಯನ್ನು ನನ್ನ ಮುಂದೆ ಚಾಚಿದರು. ಬೆರಳು ಬಿಡಿಸಿ ಹಾಗೇ ಹಿಡಿದರು. ಬೆರಳ ತುದಿಗಳು ಸಣ್ಣಗೆ ನಡುಗುತ್ತಿದ್ದವು.

“ಗಾಡೀದು ಹೋತ್ರಿ ಸಾವಕಾರ್ರ. ಇದಿಷ್ಟು ನಂದು. ಏನರ ಹಿಡಕೊಂಡ್ರ ಇರೂದಿಲ್ಲ, ಖಾಲಿ ಇದ್ರ ಬರ್ತೈತಿ. ನೀವು ನೋಡಿದ್ದು ಸುಳ್ಳಲ್ಲ.”

ಆ ಮನುಷ್ಯ ಆಗಲೇ ಗೆದ್ದಿದ್ದರು. ನಾನು ಸೋತು, ಒಪ್ಪಿಕೊಂಡು, ಪಕ್ಕದಲ್ಲಿ ಕೂತಿದ್ದೆ. ಸುಮ್ಮನೆ ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟುಕೊಂಡು ಮನೆ ಮುಟ್ಟಿಸಿದ್ದರೆ ಆ ನಡುಕ ನನಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಒಂದು ಗಂಟೆಯ ಹಿಂದೆ ಮಚ್ಛೆಯ ಇದೇ ರಸ್ತೆಯಲ್ಲಿ ನಾನು ನನ್ನ ತಪ್ಪನ್ನು ಇನ್ನೊಬ್ಬರ ಹೆಗಲಿಗೆ ದಾಟಿಸಿ ಹಗುರಾಗಿದ್ದೆ. ಮುಂದೆ ಜನ ಕಾಣಿಸಿದರು.

“ಎರಡೂ ಕೈ ಸ್ಟೇರಿಂಗ್ ಮ್ಯಾಲ ಇಡ್ರಿ ಮಾಮಾ,” ಎಂದೆ. “ಮುಂದ ಪೀರನವಾಡಿ ಬಂತು, ಮಂದಿ ಭಾಳ.”

ಅವರು ಕೈ ಇಟ್ಟರು. ಮರುದಿನ ನಾನು ಕಾಕತಿಗೆ ಹೋಗಿ ಅವಸರದಲ್ಲಿ ಮಾತು ಕೊಟ್ಟಿದ್ದಕ್ಕೆ ಬೈಸಿಕೊಂಡು ಬಂದೆ, ಅದು ನ್ಯಾಯವೇ ಆಗಿತ್ತು. ಮಾಮಾ ನಮ್ಮ ಲಾರಿಯನ್ನು ಇನ್ನೂ ಏಳು ವರ್ಷ ನಡೆಸಿದರು. ಪ್ರತಿ ಬೇಸಿಗೆಯಲ್ಲಿ, ಹಂಚಿನ ಹಂಗಾಮು ಶುರುವಾಗುವ ಮೊದಲು, ನಾನು ಕೇಳದೆಯೇ ಅಂಗಡಿಗೆ ಬಂದು ನನ್ನ ಮುಂದೆ ಕೈ ಚಾಚಿ ನಿಲ್ಲುತ್ತಿದ್ದರು. ನಾನು ನೋಡುತ್ತಿದ್ದೆ, ನಡೆಯುತ್ತದೆ ಎನ್ನುತ್ತಿದ್ದೆ, ಇಬ್ಬರೂ ಚಹಾ ಕುಡಿಯುತ್ತಿದ್ದೆವು. ಎಂಟನೆಯ ಬೇಸಿಗೆಯಲ್ಲಿ ಅವರು ಕೈ ಚಾಚಿದಾಗ ನಾನು ಎಂದಿನಂತೆ ನಡೆಯುತ್ತದೆ ಎಂದೆ. ಇಲ್ಲ ಸಾವಕಾರ್ರ, ಈ ಸಲ ಸರಿಯಾಗಿ ನೋಡಿ ಎಂದು ಚಾವಿಯನ್ನು ನನ್ನ ಮುಂದಿಟ್ಟರು.